ಓದಿಗೆ ಒಪ್ಪುವ ಹೊತ್ತಗೆ

ಪುಸ್ತಕವನ್ನು ಯಾವ ರೂಪದಲ್ಲಿ ಓದುವುದು ನಿಮಗೆ ಹಿತವೆನಿಸುತ್ತದೆ ಎಂದು ನಮ್ಮನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕೇಳುವವರಲ್ಲಿ ಎರಡು ಬಗೆ. ಪರಸ್ಥಳದಲ್ಲಿ ನೆಲೆಸಿದ ಮಕ್ಕಳು, ಊರ ಮನೆಯ ಕಪಾಟಿನಲ್ಲಿ ತುಂಬಿರುವ ಗ್ರಂಥಗಳನ್ನು ಏನು ಮಾಡುವುದೆಂದು ತೋಚದೆ, ಇವೆಲ್ಲ ಈಗ ಮೊಬೈಲಿನಲ್ಲಿಯೇ ಸಿಗುತ್ತವೆಯಲ್ಲ ಎನ್ನುತ್ತಾರೆ. ಅವರ ಹಿರಿಯರು, ಮೊಬೈಲಿನಲ್ಲಿ ನೋಡಿದ್ದನ್ನೂ ಓದು ಎನ್ನಬಹುದೆ ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಒಂದು ಆತಂಕ ಅಡಗಿದೆ. ಒಬ್ಬರಿಗೆ ಮನೆ ಖಾಲಿ ಮಾಡುವ ಅವಸರ. ಇನ್ನೊಬ್ಬರಿಗೆ ತಾವು ಓದಿದ್ದು ತಮ್ಮೊಡನೆಯೇ ಮುಗಿದುಹೋದೀತೆಂಬ ಅಳಲು.

ಊಟದ ರುಚಿಯಂತೆ ಓದಿನ ರುಚಿಯೂ ಅವರವರಿಗೆ ಬಿಟ್ಟದ್ದು, ಅದರಲ್ಲಿ ವಾದವೇಕೆ ಎಂದು ಕೆಲವರು ಹೇಳಬಹುದು. ನಮಗೆ ಹಾಗೆನಿಸುವುದಿಲ್ಲ. ಹೊತ್ತಗೆಯ ರೂಪ ಹೇಗಿದೆ ಎಂಬುದರಿಂದಲೇ ಅದನ್ನು ಮನೆಯಲ್ಲಿ ಯಾರು ಓದುತ್ತಾರೆ, ಒಬ್ಬರೇ ಓದುತ್ತಾರೋ ನಾಲ್ವರು ಕೂಡಿ ಕೇಳುತ್ತಾರೋ, ಅದು ಎಷ್ಟು ವರ್ಷ ಬಾಳುತ್ತದೆ ಎಂಬುದೆಲ್ಲ ನಿರ್ಧಾರವಾಗುತ್ತದೆ. ಇದಕ್ಕೆ ವಚನ ಸಾಹಿತ್ಯವೇ ತಕ್ಕ ನಿದರ್ಶನ. ಓಲೆಗರಿಯ ಕಟ್ಟು, ಅಚ್ಚಿನ ಗ್ರಂಥ, ಕಿಸೆಯಲ್ಲಿ ಹಿಡಿಸುವ ಕಿರುಹೊತ್ತಗೆ, ಗಾಯನದ ಧ್ವನಿಮುದ್ರಿಕೆ, ಕೈಯಲ್ಲಿನ ಮೊಬೈಲು, ಹೀಗೆ ಎಲ್ಲ ರೂಪಗಳಲ್ಲಿಯೂ ಅದು ನಮ್ಮ ಮನೆಗಳಿಗೆ ಬಂದಿದೆ. ಅಕ್ಷರ ಅದೇ, ಅರ್ಥ ಅದೇ. ಆದರೂ ಓದು ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ.

ಓಲೆಗರಿಯಿಂದಲೇ ಆರಂಭಿಸೋಣ. ಎಳೆಯ ತಾಳೆಯ ಗರಿಗಳನ್ನು ಆರಿಸಿ, ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪುಗೊಳಿಸಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ತಾಳೆಯಲ್ಲಿ ಶ್ರೀತಾಳೆ ಶ್ರೇಷ್ಠವೆನಿಸಿತ್ತು; ಅದರ ಗರಿ ತೆಳುವಾಗಿ, ಮೃದುವಾಗಿ, ಬಾಗಿಸಿದರೂ ಮುರಿಯದಂತಿರುತ್ತದೆ. ಆ ಮರ ಹಲವು ದಶಕ ಬೆಳೆದು, ಬದುಕಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಉದುರಿಸಿ ಸಾಯುತ್ತದೆ. ಲಿಪಿಕಾರನು ಲೋಹದ ಕಂಟದಿಂದ ಗರಿಯ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದನು. ಕೊರೆದಾಗ ಅವು ಕಣ್ಣಿಗೆ ಸರಿಯಾಗಿ ಕಾಣಿಸವು. ಅನಂತರ ಮಸಿ ಬಳಿದು ಒರೆಸಿದಾಗ ಗೀರಿದ ಜಾಗದಲ್ಲಿ ಮಾತ್ರ ಕಪ್ಪು ಉಳಿದು ಅಕ್ಷರ ಮೂಡುತ್ತಿತ್ತು. ಗರಿಯ ನಾರು ಉದ್ದಕ್ಕೆ ಸಾಗುವುದರಿಂದ ಅಡ್ಡಗೆರೆ ಎಳೆದರೆ ಸೀಳುತ್ತದೆಂದೂ, ನಮ್ಮ ಲಿಪಿ ದುಂಡಗಾಗುವುದಕ್ಕೆ ಅದೂ ಒಂದು ಕಾರಣವೆಂದೂ ವಿದ್ವಾಂಸರು ಹೇಳುವುದುಂಟು. ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು, ಬಟ್ಟೆ ಸುತ್ತಿ ಇಡುತ್ತಿದ್ದರು. ಹಳೆಯ ಲಿಪಿಕಾರರು ತಮ್ಮ ಪ್ರತಿಯ ಕೊನೆಯಲ್ಲಿ, ಬೆನ್ನು ಬಾಗಿ ಕತ್ತು ನೊಂದು ಬರೆದ ಇದನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲ ಕಟ್ಟಿನಿಂದಲೂ ಕಾಪಾಡಿರೆಂದು ಬೇಡಿಕೊಂಡಿರುವುದನ್ನು ಕಾಣಬಹುದು.

ಇಂಥ ಕಟ್ಟನ್ನು ಓದುವ ರೀತಿಯೇ ಬೇರೆ. ಅದರಲ್ಲಿ ಪದಗಳ ನಡುವೆ ಬಿಡುವಿಲ್ಲ. ಸಾಲಿನ ಉದ್ದಕ್ಕೂ ಅಕ್ಷರಗಳು ಒತ್ತೊತ್ತಾಗಿ ಸಾಗುತ್ತವೆ. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವನ್ನು ಬರಹದಲ್ಲಿ ಬಹುಮಟ್ಟಿಗೆ ತೋರಿಸುತ್ತಿರಲಿಲ್ಲ. ಒಂದು ವಚನ ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಯುವುದು ಅಂಕಿತದ ಮುದ್ರಿಕೆಯಿಂದ, ಇಲ್ಲವೆ ಒಂದು ಚಿಕ್ಕ ಚಿಹ್ನೆಯಿಂದ. ಆದುದರಿಂದ ಅದು ಮೊದಲ ಬಾರಿಗೆ ಓದುವವನಿಗಾಗಿ ಬರೆದದ್ದಲ್ಲ. ಗುರುಮುಖದಿಂದ ಅರ್ಧ ತಿಳಿದವನು ಉಳಿದರ್ಧವನ್ನು ನೆನಪಿಗೆ ತಂದುಕೊಳ್ಳಲು ಇದ್ದದ್ದು. ಬಾಯಿಬಿಟ್ಟು ಓದಿದರಲ್ಲದೆ ಪದ ಎಲ್ಲಿ ಒಡೆಯುತ್ತದೆಂಬುದು ಗೊತ್ತಾಗದು. ಬಾಯಿಬಿಟ್ಟು ಓದಿದಾಗ ಪಕ್ಕದಲ್ಲಿ ಕುಳಿತವರಿಗೂ ಕೇಳಿಸುತ್ತದೆ. ಓಲೆಯನ್ನು ಓದುವುದೆಂದರೆ ಕೂಡಿ ಕೇಳುವುದೇ ಆಗಿತ್ತು.

ತಾಳೆಯೊಂದೇ ಅಲ್ಲ; ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳೂ ನಮ್ಮಲ್ಲಿದ್ದವು. ಮಠಗಳ ಮತ್ತು ವ್ಯಾಪಾರಿಗಳ ಲೆಕ್ಕಪತ್ರ ಅವುಗಳಲ್ಲಿ ನಡೆಯುತ್ತಿತ್ತು. ಆ ವಸ್ತು ಮರೆಯಾಯಿತು, ಹೆಸರು ಮಾತ್ರ ಸರಕಾರಿ ಕಚೇರಿಯಲ್ಲಿ ಉಳಿದಿದೆ. ಅಲ್ಲಿಯೂ ಅದು ಮೇಜಿನಿಂದ ಮೇಜಿಗೆ ಸಾಗುವ ವೇಗ ಹಳೆಯದೇ.

ನಮ್ಮ ಅನೇಕ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಇಂದಿಗೂ ಒಂದೋ ಎರಡೋ ಓಲೆಕಟ್ಟುಗಳು ಇರುವುದನ್ನು ಕಂಡಿದ್ದೇವೆ. ವಿಭೂತಿ ಧಾರಣೆಯಾಗುತ್ತದೆ, ಹೂವು ಏರುತ್ತದೆ, ಧೂಪ ನಡೆಯುತ್ತದೆ. ಕಟ್ಟು ಬಿಚ್ಚಿ ಎಷ್ಟು ತಲೆಮಾರಾಯಿತೋ ಮನೆಯವರಿಗೇ ನೆನಪಿಲ್ಲ. ಅದರಲ್ಲಿರುವುದು ವಚನವೋ, ವೈದ್ಯವೋ, ಯಾರದೋ ಸಾಲದ ಲೆಕ್ಕವೋ ಹೇಳುವವರಿಲ್ಲ. ಹಿರಿಯರ ವಸ್ತುವಿಗೆ ತೋರುವ ಈ ಗೌರವ ದೊಡ್ಡದೇ. ಅದಿರದಿದ್ದರೆ ಆ ಕಟ್ಟು ಎಂದೋ ಒಲೆ ಸೇರುತ್ತಿತ್ತು. ಆದರೆ ಎಣ್ಣೆಯ ಹನಿ, ಕುಂಕುಮದ ತೇವ, ಹೂವಿನ ಕೊಳೆ, ಇವೇ ಓಲೆಯ ಶತ್ರುಗಳು. ಪೂಜೆಗೊಳ್ಳುತ್ತಲೇ ಅದು ನಶಿಸುತ್ತಿರುತ್ತದೆ. ಇಂಥ ಕಟ್ಟುಳ್ಳ ಸದ್ಗೃಹಸ್ಥರು ತಾವೇ ಅದಕ್ಕೆ ಎಣ್ಣೆ ಸವರುವುದಾಗಲಿ, ಬಿಸಿಲಿಗಿಡುವುದಾಗಲಿ ಮಾಡದೆ, ಬಲ್ಲವರಿಗೆ ತೋರಿಸುವುದು ಲೇಸು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಸಂಗ್ರಹವಿದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಂತೂ 1891ರಿಂದ ಇದೇ ಕಾರ್ಯದಲ್ಲಿದೆ. ಕಟ್ಟನ್ನು ಕೊಟ್ಟುಬಿಡಲು ಮನಸ್ಸೊಪ್ಪದಿದ್ದರೆ ಛಾಯಾಪ್ರತಿಯನ್ನಾದರೂ ತೆಗೆಯಿಸಬಹುದು. ಮೈಸೂರಿನ ಅದೇ ಸಂಗ್ರಹಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಒಂದು ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಮೇಲಲ್ಲವೆ ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮರಳಿ ದೊರೆತದ್ದು! ಆ ಪಂಡಿತರು ಅದನ್ನು ತಮ್ಮ ಮನೆಯ ಗೂಡಿನಲ್ಲಿಯೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ವಚನಗಳು ಜಗಲಿಯಿಂದ ಇಳಿದು ಕೈಗೆ ಬಂದದ್ದು ಅಚ್ಚಿನಿಂದ. ಈ ಮಾತು ಬಂದಾಗ ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮನೆಮನೆಗಳಲ್ಲಿದ್ದ ಓಲೆಕಟ್ಟುಗಳನ್ನು ಹುಡುಕಿ, ಪಾಠ ಹೋಲಿಸಿ, ಕೈಬರಹದ ಪ್ರತಿ ಸಿದ್ಧಪಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಪರರ ಮುದ್ರಣಾಲಯವನ್ನು ನೆಚ್ಚಿ ಕೆಲಸ ಸಾಗದೆಂದು ಕಂಡು, 1925ರಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನು ಮಾರಿದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ನಾವಿಲ್ಲಿ ಅವರನ್ನು ನೆನೆಯುವುದು ಕೇವಲ ತ್ಯಾಗಕ್ಕಾಗಿ ಅಲ್ಲ. ಒಂದು ಹೊಸ ಬಗೆಯ ಓದನ್ನೇ ಅವರು ಸಾಧ್ಯಗೊಳಿಸಿದರೆಂಬುದಕ್ಕಾಗಿ. ಅಚ್ಚಿನಲ್ಲಿ ಪದಗಳು ಬಿಡಿಬಿಡಿಯಾದವು, ವಚನಗಳಿಗೆ ಸಂಖ್ಯೆ ಬಂದಿತು, ವಿಷಯಾನುಕ್ರಮ ಬಂದಿತು. ಅಕ್ಷರ ಬಲ್ಲ ಹೆಣ್ಣುಮಗಳೊಬ್ಬಳು ಯಾರ ಸಹಾಯವೂ ಇಲ್ಲದೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಒಬ್ಬಳೇ ಓದಿಕೊಳ್ಳಬಹುದಾಯಿತು. ಓಲೆಗರಿಗೆ ಇದು ಸಾಧ್ಯವಿರಲಿಲ್ಲ.

ಅಚ್ಚಿನಿಂದ ಇನ್ನೊಂದು ಮಾರ್ಪಾಡೂ ಆಯಿತು, ಅದನ್ನು ನಾವು ಗಮನಿಸುವುದು ಕಡಿಮೆ. ಓಲೆಯಲ್ಲಿ ಗದ್ಯದಂತೆ ಒಂದೇ ಹರಿವಿನಲ್ಲಿದ್ದ ವಚನವನ್ನು ಇಂದಿನ ಆವೃತ್ತಿಗಳು ಸಾಲು ಸಾಲಾಗಿ ಒಡೆದು ಪದ್ಯದಂತೆ ಮುದ್ರಿಸುತ್ತವೆ. ಹೊಸ ಓದುಗನಿಗೆ ಇದರಿಂದ ಉಪಕಾರವಾಗಿದೆ, ಉಸಿರು ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಸಾಲು ಎಲ್ಲಿ ಒಡೆಯಬೇಕೆಂದು ತೀರ್ಮಾನಿಸಿದವರು ಶರಣರಲ್ಲ, ಸಂಪಾದಕರು. ಕೆಲವು ಅಗ್ಗದ ಸಂಕಲನಗಳಲ್ಲಿ ಪುಟದ ಅಗಲಕ್ಕೆ ತಕ್ಕಂತೆ ಸಾಲು ಮುರಿದು ಅರ್ಥವನ್ನೇ ಮುರಿದಿರುವುದುಂಟು. ಎರಡು ಆವೃತ್ತಿಗಳು ಕೈಗೆ ಸಿಕ್ಕರೆ ಒಂದೇ ವಚನವನ್ನು ಎರಡರಲ್ಲಿಯೂ ಓದಿ ನೋಡಿರಿ. ಒಂದರಲ್ಲಿ ಮಾತಿನಂತೆ ಕೇಳಿಸಿದ್ದು ಇನ್ನೊಂದರಲ್ಲಿ ಹಾಡಿನಂತೆ ಕೇಳಿಸುತ್ತದೆ.

ಕರ್ನಾಟಕ ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, 1993ರಲ್ಲಿ 'ಸಮಗ್ರ ವಚನ ಸಂಪುಟ'ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಇದು ಕನ್ನಡದ ಮಹತ್ಕಾರ್ಯಗಳಲ್ಲೊಂದು. ಅದರ ಕೊನೆಯ ಸಂಪುಟವಾದ ವಚನ ಪರಿಭಾಷಾ ಕೋಶವಿಲ್ಲದೆ ಬೆಡಗಿನ ವಚನಗಳ ಮುಂದೆ ನಾವೆಲ್ಲ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದರೂ ದಿನನಿತ್ಯದ ಓದಿಗೆ 15 ಸಂಪುಟಗಳ ಸಾಲು ಒಪ್ಪುವುದಿಲ್ಲವೆಂಬುದು ನಮ್ಮ ಅನಿಸಿಕೆ. ಒಟ್ಟಿಗೆ ಕೊಂಡವರು ಒಟ್ಟಿಗೆ ಗಾಜಿನ ಕಪಾಟಿನಲ್ಲಿಡುತ್ತಾರೆ, ಬೀಗದ ಕೈ ಎಲ್ಲಿದೆಯೆಂಬುದು ಬಂದ ನೆಂಟರಿಗೆ ತೋರಿಸುವಾಗ ಮಾತ್ರ ನೆನಪಾಗುತ್ತದೆ. ಓದಬೇಕೆಂಬುವವರು ಬಸವಣ್ಣನವರ ವಚನಗಳಿರುವ ಮೊದಲ ಸಂಪುಟವನ್ನೋ, ಶಿವಶರಣೆಯರ ವಚನಗಳಿರುವ ಐದನೆಯ ಸಂಪುಟವನ್ನೋ ಹೊರಗೆ ತೆಗೆದು ಕೈಗೆಟುಕುವ ಗೂಡಿನಲ್ಲಿಡಲಿ. ಉಳಿದವು ಕಪಾಟಿನಲ್ಲಿದ್ದರೆ ಬಾಧಕವಿಲ್ಲ.

ಇನ್ನು ಕಟ್ಟಿನ ವಿಚಾರ. ಇದರಲ್ಲಿ ನಮಗೆ ಗಟ್ಟಿಯಾದ ಒಲವಿದೆ, ಮುಚ್ಚಿಡುವುದಿಲ್ಲ. ನಮಗೆ ಬೇಕಾದದ್ದು ಹೊಲಿದ ಪುಸ್ತಕ. ದೊಡ್ಡ ಹಾಳೆಯಲ್ಲಿ 16 ಪುಟಗಳನ್ನು ಒಟ್ಟಿಗೆ ಅಚ್ಚು ಮಾಡಿ, ಮಡಚಿ ಒಂದು ಫಾರಂ ಮಾಡುತ್ತಾರೆ. ಹಿಂದೆ ಪ್ರತಿಯೊಂದು ಫಾರಮಿನ ಮಡಿಕೆಯಲ್ಲಿ ದಾರ ಹಾಯಿಸಿ ಹೊಲಿದು, ಒಂದರೊಡನೊಂದನ್ನು ಜೋಡಿಸಿ, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಹಾಕುತ್ತಿದ್ದರು. ಅಂಥ ಪುಸ್ತಕವನ್ನು ವ್ಯಾಸಪೀಠದ ಮೇಲೆ ತೆರೆದಿಟ್ಟರೆ ತೆರೆದಂತೆಯೇ ಇರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಇಂದಿನ ಬಹುಪಾಲು ಪುಸ್ತಕಗಳಲ್ಲಿ ಆ ಮಡಿಕೆಗಳನ್ನೇ ಕತ್ತರಿಸಿ ಹಾಕಿ, ಬಿಡಿಹಾಳೆಗಳ ಬೆನ್ನಿಗೆ ಬಿಸಿ ಅಂಟು ಬಳಿದು ಹೊದಿಕೆ ಒತ್ತುತ್ತಾರೆ. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಅಂಟು ವರ್ಷಗಳು ಕಳೆದಂತೆ ಗಡುಸಾಗುತ್ತದೆ. ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ಎರಡು ಮೂರು ವರ್ಷ ಇದ್ದ ಪುಸ್ತಕವನ್ನು ಅಗಲಿಸಿ ಹಿಡಿದರೆ ನಡುಬೆನ್ನು ಸಿಡಿದು ಹಾಳೆಗಳು ಕೈಗೆ ಬರುತ್ತವೆ. ಕೊಳ್ಳುವಾಗ ಪರೀಕ್ಷಿಸುವುದು ಸುಲಭ. ಪುಸ್ತಕವನ್ನು ನಿಲ್ಲಿಸಿ ಬೆನ್ನಿನ ಮೇಲ್ತುದಿಯನ್ನು ನೋಡಬೇಕು. ಅಲ್ಲಿ ಚಿಕ್ಕ ಚಿಕ್ಕ ಮಡಿಕೆಗಳ ಗುಂಪು ಕಂಡರೆ, ನಡುನಡುವೆ ಪುಟ ತೆರೆದಾಗ ದಾರ ಕಂಡರೆ, ಹೊಲಿದದ್ದು. ಹಾಳೆಗಳೆಲ್ಲ ಒಂದೇ ಗೋಡೆಯಂತೆ ನೇರ ನಿಂತಿದ್ದರೆ ಅಂಟಿಸಿದ್ದು.

ಕಾದಂಬರಿಗೆ ಅಂಟಿನ ಕಟ್ಟು ಸಾಕು. ಒಮ್ಮೆ ಓದಿ ನೆರೆಯವರಿಗೆ ಕೊಡುವ ಪುಸ್ತಕ ಅದು. ಆದರೆ ವಚನವನ್ನು ಹಾಗೆ ಮೊದಲಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ. ಇಂದು ಒಂದು, ನಾಳೆ ಎರಡು, ಮತ್ತೆ ತಿಂಗಳ ಮೇಲೆ ಮೊದಲಿನದೇ. ನೂರಾರು ಸಲ ತೆರೆದು ಮುಚ್ಚುವ ಪುಸ್ತಕಕ್ಕೆ ಬೆನ್ನು ಗಟ್ಟಿಯಿರಬೇಡವೆ? ಮದುವೆಗಳಲ್ಲಿ, ಗೃಹಪ್ರವೇಶಗಳಲ್ಲಿ ವಚನ ಗ್ರಂಥಗಳನ್ನು ಉಡುಗೊರೆಯಾಗಿ ಕೊಡುವ ಸತ್ಸಂಪ್ರದಾಯ ನಮ್ಮಲ್ಲಿದೆ. ಹೊದಿಕೆಯ ಬಣ್ಣ ನೋಡಿ ಆರಿಸುವವರೇ ಹೆಚ್ಚು. ಹೊಸದಾಗಿ ಸಂಸಾರ ಹೂಡುವವರಿಗೆ ಐದು ವರ್ಷದಲ್ಲಿ ಹಾಳೆ ಉದುರುವ ಪುಸ್ತಕವನ್ನು ಕೊಡುವುದರಲ್ಲಿ ಏನು ಶೋಭೆ?

ಅಕ್ಷರದ ಗಾತ್ರದ ಬಗೆಗೂ ಒಂದು ಮಾತು. ಪ್ರಕಾಶಕರು ಪುಟ ಉಳಿಸಲು ಅಕ್ಷರ ಚಿಕ್ಕದು ಮಾಡುತ್ತಾರೆ, ಅದಕ್ಕಿಂತ ಹೆಚ್ಚಾಗಿ ಸಾಲುಗಳನ್ನು ಒತ್ತೊತ್ತಾಗಿ ಕೂಡಿಸುತ್ತಾರೆ. ಇಂಗ್ಲಿಷ್ ಅಕ್ಷರಗಳಿಗೆ ಅದು ಹೇಗೋ ನಡೆದೀತು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲೆ ಏರುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ವಯಸ್ಸಾದವರ ಕಣ್ಣು ಅಲ್ಲಿಯೇ ತೊಡಕುತ್ತದೆ. ಹಿರಿಯರು ಕಣ್ಣು ಮಂಜಾಯಿತೆಂದು ಓದು ಬಿಡುತ್ತಾರೆ. ಎಷ್ಟೋ ಸಲ ಮಂಜಾಗಿರುವುದು ಪುಟ. 14 ಪಾಯಿಂಟಿನ ಅಕ್ಷರ, ಸಾಲುಗಳ ನಡುವೆ ಧಾರಾಳ ಬಿಡುವು, ಡೆಮಿ ಅಷ್ಟಕ ಗಾತ್ರ, ತುಸು ಹಳದಿಯ ಹೊಳಪಿಲ್ಲದ ಕಾಗದ, ಇಷ್ಟಿದ್ದರೆ ಅದು ನಮ್ಮ ಪಾಲಿಗೆ ಉತ್ತಮ ಹೊತ್ತಗೆ. ಹೊಳಪಿನ ಕಾಗದದ ಮೇಲೆ ಅಚ್ಚಾದ ದೊಡ್ಡ ಗಾತ್ರದ ಅಭಿನಂದನ ಗ್ರಂಥಗಳೂ ಸ್ಮರಣ ಸಂಚಿಕೆಗಳೂ ನಮ್ಮ ಸಮಾಜದಲ್ಲಿ ಹೇರಳ. ಅವನ್ನು ಎತ್ತಲು ಇಬ್ಬರು ಬೇಕು, ಟ್ಯೂಬ್‌ಲೈಟಿನ ಕೆಳಗೆ ತೆರೆದರೆ ಅಕ್ಷರಕ್ಕಿಂತ ಮೊದಲು ದೀಪ ಕಾಣುತ್ತದೆ. ಅವುಗಳಲ್ಲಿ ಕೆಲವೊಮ್ಮೆ ಒಳ್ಳೆಯ ಸಂಶೋಧನ ಲೇಖನಗಳೂ ಹುದುಗಿರುತ್ತವೆಂಬುದೇ ವಿಷಾದ.

ಕಿರುಹೊತ್ತಗೆಗಳು ಬಸ್ಸಿಗೂ ಹೊಲಕ್ಕೂ ಜೊತೆ. 1970ರ ದಶಕದಿಂದ ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು 'ಭಾರತ ಭಾರತಿ' ಮಾಲೆಯಲ್ಲಿ ಹೊರತಂದ ಪುಟ್ಟ ಪುಸ್ತಕಗಳು ಒಂದು ತಲೆಮಾರಿನ ಮಕ್ಕಳಿಗೆ ಓದಿನ ರುಚಿ ಹತ್ತಿಸಿದವು. ಅವು ಚಿಕ್ಕವಾಗಿದ್ದದ್ದೇ ಅವುಗಳ ಗೆಲುವು. ಮಗುವಿಗೆ ಪುಸ್ತಕ ಮುಗಿಸಿದ ಸಂತೋಷ ಬೇಗ ಸಿಗಬೇಕು. ಈ ದೃಷ್ಟಿಯಿಂದ ಆಯ್ದ ವಚನಗಳ ಕಿಸೆ ಪ್ರತಿಗಳಿಗೆ ನಮ್ಮ ಒಪ್ಪಿಗೆಯಿದೆ. ಅಂಗೈಗಿಂತ ಚಿಕ್ಕವು ಮಾತ್ರ ಬೇಡ. ಅವು ತಾಯಿತಕ್ಕೆ ಸರಿ.

ಇಷ್ಟು ಹೇಳಿದ ಮೇಲೆ ಮೊಬೈಲನ್ನು ಹಳಿಯುತ್ತೇವೆಂದು ಯುವಕ ಓದುಗರು ನಿರೀಕ್ಷಿಸಿರಬಹುದು. ಹಳಿಯಲು ಕಾರಣವಿಲ್ಲ. ಒಂದು ಪದ ನೆನಪಿದೆ, ವಚನ ಯಾವುದೆಂದು ನೆನಪಿಲ್ಲ; ಇಂಥ ಸಮಯದಲ್ಲಿ ಹಿಂದೆ ನಾವು ಅಕಾರಾದಿಗಳನ್ನು ಹರಡಿಕೊಂಡು ಸಂಜೆಯೆಲ್ಲ ಕೂರಬೇಕಾಗಿತ್ತು. ಅಕಾರಾದಿಯಾದರೂ ವಚನದ ಮೊದಲ ಪದವನ್ನು ಮಾತ್ರ ತೋರಿಸುತ್ತದೆ, ನಡುವಿನ ಪದಕ್ಕೆ ದಾರಿಯಿಲ್ಲ. ಕನ್ನಡದ ಕೆಲವು ಉತ್ಸಾಹಿ ತರುಣರು ರೂಪಿಸಿದ 'ವಚನ ಸಂಚಯ' ಎಂಬ ಅಂತರ್ಜಾಲ ತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ಕ್ಷಣದಲ್ಲಿ ಮುಂದಿಡುತ್ತದೆ. ಕಾಯಕವೆಂಬ ಪದವನ್ನು ಯಾವ ಯಾವ ಶರಣರು ಹೇಗೆ ಹೇಗೆ ಬಳಸಿದ್ದಾರೆಂದು ಹೋಲಿಸಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು? ಹಳೆಯ ಕನ್ನಡ ಗ್ರಂಥಗಳ ಸ್ಕ್ಯಾನ್ ಪ್ರತಿಗಳೂ ಇಂಟರ್ನೆಟ್ ಆರ್ಕೈವ್ ಎಂಬಲ್ಲಿ ಬಹಳಷ್ಟು ದೊರೆಯುತ್ತವೆ. ಹಳಕಟ್ಟಿಯವರು ಲಿಂಗೈಕ್ಯರಾದದ್ದು 1964ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ಮೇಲೆ ಅವರ ಬರಹ ಎಲ್ಲರ ಸ್ವತ್ತಾಗುತ್ತದೆ. ಅಂದರೆ 2025ರ ಜನವರಿ 1ರಿಂದ ಅವರ ಬರಹಗಳನ್ನು ಯಾರು ಬೇಕಾದರೂ ಯಾವ ರೂಪದಲ್ಲಿ ಬೇಕಾದರೂ ಪ್ರಕಟಿಸಬಹುದು.

ಆದರೆ ಮೊಬೈಲಿನಲ್ಲಿ ಕಾಣುವ ಪುಸ್ತಕಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ಮನೆಯ ಕಿರಿಯರು ಹಿರಿಯರಿಗೆ ತಿಳಿಸಬೇಕು. ಪಿಡಿಎಫ್ ಎಂಬುದು ಪುಟದ ಚಿತ್ರವಿದ್ದಂತೆ. ಅಕ್ಷರ ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯ ಆಚೆ ಹೋಗುತ್ತದೆ, ಬೆರಳಿನಿಂದ ಎಡಕ್ಕೂ ಬಲಕ್ಕೂ ಎಳೆಯುತ್ತ ಓದಬೇಕು. ಒಂದು ವಚನ ಮುಗಿಯುವಷ್ಟರಲ್ಲಿ ಓದುವವರಿಗೆ ಸಾಕಾಗುತ್ತದೆ; ಮೊಬೈಲಿನ ಓದೇ ಇಷ್ಟು ಎಂದು ಅವರು ಕೈಬಿಡುತ್ತಾರೆ. ಇಪಬ್ ಎಂಬ ಇನ್ನೊಂದು ರೂಪದಲ್ಲಿ ಅಕ್ಷರ ಎಷ್ಟು ದೊಡ್ಡದಾದರೂ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಮುದ್ರಣದಲ್ಲಿ ಎಷ್ಟು ಖರ್ಚು ಮಾಡಿದರೂ ಸಿಗದ ಸೌಲಭ್ಯವಿದು. ಕಣ್ಣು ಪೂರ್ತಿ ಹೋದವರಿಗೆ ಮೊಬೈಲು ತಾನೇ ಓದಿ ಹೇಳುತ್ತದೆ. ಕನ್ನಡ ಪುಸ್ತಕಗಳು ಈ ರೂಪದಲ್ಲಿ ಸಾಕಷ್ಟು ಬರದಿರಲು ಒಂದು ಕಾರಣ ನಮ್ಮ ಮುದ್ರಣಾಲಯಗಳಲ್ಲಿಯೇ ಇದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ಆದರೂ ಪುಸ್ತಕಗಳನ್ನು ಜೋಡಿಸುವವರು ಬಹುಕಾಲ ತಮ್ಮ ತಮ್ಮ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳನ್ನೇ ಬಳಸಿದರು. ಅಂಥ ಕಡತವನ್ನು ಬೇರೊಂದು ಯಂತ್ರದಲ್ಲಿ ತೆರೆದರೆ ವಚನದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. 2016ರ ಡಿಸೆಂಬರಿನಲ್ಲಿ ಅಮೆಜಾನಿನವರು ತಮ್ಮ ಕಿಂಡಲ್ ಓದುಯಂತ್ರಕ್ಕೆ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ಸೇರಿಸಿದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಆಗ ಆದ ನೋವು ಇನ್ನೂ ಹಸಿಯಾಗಿಯೇ ಇದೆ.

ಓದಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆಯೇ ಎಂಬ ಹಿರಿಯರ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಸಂಶೋಧನೆ 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಪಾಲ್ಗೊಂಡವರು 1,70,000ಕ್ಕೂ ಹೆಚ್ಚು ಜನ. ವಿಷಯ ತಿಳಿದುಕೊಳ್ಳುವುದಕ್ಕಾಗಿ ಓದುವಾಗ ಕಾಗದದಲ್ಲಿ ಓದಿದವರ ಗ್ರಹಿಕೆ ಮೇಲಾಗಿತ್ತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚಿತು. ಕಥೆ ಓದುವಾಗ ಮಾತ್ರ ಅಂಥ ಅಂತರ ಕಾಣಲಿಲ್ಲ. ನಮ್ಮ ಅನುಭವವೂ ಇದಕ್ಕೆ ಹೊಂದುತ್ತದೆ. ಮೊಬೈಲಿನಲ್ಲಿ ಒಂದು ವಚನ ಓದಿದೊಡನೆ ಬೆರಳು ಮುಂದಿನದಕ್ಕೆ ತಾನಾಗಿ ಜಾರುತ್ತದೆ. ವಚನಕ್ಕೆ ಬೇಕಾದದ್ದು ಓದಿದ ಮೇಲೆ ಪುಸ್ತಕ ಮುಚ್ಚಿ ಕೂರುವ ಹೊತ್ತು. ಪರದೆಯನ್ನು ಮುಚ್ಚಿ ಕೂತವರನ್ನು ನಾವು ಕಂಡಿಲ್ಲ.

ಒಡೆತನದ ಪ್ರಶ್ನೆಯನ್ನಂತೂ ಬಹಳ ಜನ ಯೋಚಿಸಿಯೇ ಇಲ್ಲ. ಅಂಗಡಿಯಲ್ಲಿ ಕೊಂಡ ಪುಸ್ತಕ ನಮ್ಮದು, ಮಗನಿಗೆ ಕೊಡಬಹುದು, ಮಠದ ಗ್ರಂಥಾಲಯಕ್ಕೆ ಒಪ್ಪಿಸಬಹುದು. ದೊಡ್ಡ ಕಂಪನಿಗಳಿಂದ ಹಣ ಕೊಟ್ಟು ಪಡೆಯುವ ವಿದ್ಯುನ್ಮಾನ ಪುಸ್ತಕಗಳಲ್ಲಿ ಬಹುಪಾಲು ಓದಲು ಸಿಕ್ಕ ಪರವಾನಗಿ ಮಾತ್ರ. 2009ರಲ್ಲಿ ಅಮೆಜಾನ್ ಸಂಸ್ಥೆ ಹಕ್ಕಿನ ತೊಡಕಿನಿಂದಾಗಿ ಜಾರ್ಜ್ ಆರ್ವೆಲ್ಲರ ಎರಡು ಪುಸ್ತಕಗಳನ್ನು ಕೊಂಡವರ ಯಂತ್ರಗಳಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಮಾಯವಾದವು. ಎರಡು ಸಲವೂ ಹಣ ಮರಳಿ ಬಂದಿತು, ನಿಜ. ಆದರೆ ಅಜ್ಜನ ಪುಸ್ತಕದ ಮೊದಲ ಪುಟದಲ್ಲಿ ಅವರ ಸಹಿ, ಕೊಂಡ ಊರು, ತೇದಿ, ಯಾವುದೋ ಶ್ರಾವಣದ ಪ್ರವಚನದಲ್ಲಿ ಕೇಳಿ ಬರೆದುಕೊಂಡ ಒಂದು ಟಿಪ್ಪಣಿ ಇರುತ್ತವೆಯಲ್ಲ, ಅದನ್ನು ಮರಳಿ ಕೊಡುವ ಕಂಪನಿ ಯಾವುದೂ ಇಲ್ಲ.

ಕೇಳುವುದೂ ಓದೇ ಎಂಬ ವಾದವಿದೆ. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದಲ್ಲಿ ವಚನ ಕೇಳಿದವರು ಅದನ್ನು ಅಲ್ಲಗಳೆಯಲಾರರು. ಓಲೆಯ ಕಾಲದಲ್ಲಿ ಎಲ್ಲರೂ ಹಾಗೆಯೇ ಕಿವಿಯಿಂದ ಓದಿದವರು. ಆದರೆ ಗಾಯನದಲ್ಲಿ ರಾಗ ಒಂದು ಮಾತನ್ನು ಎತ್ತಿ ಹಿಡಿಯುತ್ತದೆ, ಉಳಿದವು ಹಿಂದೆ ಸರಿಯುತ್ತವೆ. ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಸಾದಾ ದನಿಯಲ್ಲಿ ಓದುವುದು, ಉಳಿದವರು ಕೈಕೆಲಸ ಮಾಡುತ್ತ ಕೇಳುವುದು, ನಡುವೆ ಯಾರಾದರೂ ಅರ್ಥ ಕೇಳಿ ತಡೆಯುವುದು, ಇದು ನಮಗೆ ಎಲ್ಲಕ್ಕಿಂತ ಪ್ರಿಯವಾದ ಓದು. ಅದಕ್ಕೆ ಬೇಕಾದದ್ದು ದೊಡ್ಡಕ್ಷರದ, ಹೊಲಿದ, ಮಧ್ಯಮ ಗಾತ್ರದ ಪುಸ್ತಕವೇ. ಅರ್ಥ ಹೊಳೆಯದಾಗ ಮೊಬೈಲಿನಲ್ಲಿ ಆ ಪದವನ್ನು ಹುಡುಕುವ ಕೆಲಸ ಮೊಮ್ಮಗನದಾಗಲಿ.

ಊರ ಮನೆಯ ಕಪಾಟನ್ನು ಖಾಲಿ ಮಾಡಹೊರಟವರಿಗೆ ಹೇಳುವುದಿಷ್ಟೇ ಉಳಿದಿದೆ. ರದ್ದಿ ಅಂಗಡಿಯವರು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. 1930ರ ಹೊತ್ತಗೆಗೂ ಹೋದ ವರ್ಷದ ಪಠ್ಯಪುಸ್ತಕಕ್ಕೂ ಅಲ್ಲಿ ಒಂದೇ ದರ. ಹೊರಹಾಕುವ ಮುನ್ನ ಪ್ರತಿಯೊಂದನ್ನೂ ಒಮ್ಮೆ ತೆರೆದು ನೋಡಿರಿ. ಶಿವಾನುಭವದಂಥ ಹಳೆಯ ಸಂಚಿಕೆಗಳು ಕಂಡರೆ ಹತ್ತಿರದ ಕಾಲೇಜಿನ ಕನ್ನಡ ಅಧ್ಯಾಪಕರಿಗೆ ತಿಳಿಸಿರಿ. ಕಾಗದ ಒಡೆಯುವಂತಾಗಿದ್ದರೆ ಮಡಚದೆ, ಅಂಟುಪಟ್ಟಿ ಹಚ್ಚದೆ, ಸ್ಕ್ಯಾನ್ ಮಾಡುವವರ ಕೈಗೆ ಕೊಡಿರಿ. ಕಾಗದ ಗಟ್ಟಿಯಿದ್ದು ಕಟ್ಟು ಮಾತ್ರ ಸಡಿಲಾಗಿದ್ದರೆ ಹೊಸದಾಗಿ ಹೊಲಿಸಬಹುದು. ಹುಬ್ಬಳ್ಳಿ, ಗದಗ, ದಾವಣಗೆರೆಗಳಂಥ ಊರುಗಳಲ್ಲಿ ಕೈಯಿಂದ ಕಟ್ಟು ಹಾಕುವ ಬೈಂಡರು ಹುಡುಕಿದರೆ ಇಂದಿಗೂ ಸಿಗುತ್ತಾರೆ. ಹೊಲಿದ ಮೇಲೆ ಮೂರು ಬದಿಯನ್ನೂ ಸಮನಾಗಿ ಕತ್ತರಿಸಿ ಅಂದಗೊಳಿಸುವುದು ಅವರ ರೂಢಿ. ಅದು ಬೇಡವೆಂದು ಮೊದಲೇ ಹೇಳಿಡಬೇಕು. ಹಿರಿಯರು ಪೆನ್ಸಿಲಿನಿಂದ ಬರೆದಿಟ್ಟ ಮಾತುಗಳೆಲ್ಲ ಇರುವುದು ಆ ಅಂಚಿನಲ್ಲಿಯೇ.